ಹೆಪ್ಪು ತೆಗೆದ ಮರುದಿನ ಮಿದುಳಿನಲ್ಲಿ ರಕ್ತಸ್ರಾವ: ಸಹಿ ಹಾಕಿದ್ದು ತಪ್ಪಾಯಿತೇ?

ಓದುಗರ ಪ್ರಶ್ನೆ: ನಮ್ಮದು ಬ್ರಹ್ಮಾವರದ ಹತ್ತಿರದ ಹಳ್ಳಿ. ತಂದೆಗೆ 69 ವರ್ಷ, ಹದಿನೈದು ವರ್ಷಗಳಿಂದ ಶುಗರ್ ಮತ್ತು ಬಿ.ಪಿ. ಎರಡೂ ಇವೆ. ಎರಡು ವರ್ಷಗಳ ಹಿಂದೆ ಹೃದಯದ ಬಡಿತ ತಾಳ ತಪ್ಪಿದೆಯೆಂದು ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿದ್ದರು. ಆಟಿ ತಿಂಗಳಲ್ಲಿ ಹಲ್ಲು ಕೀಳಿಸುವಾಗ ರಕ್ತ ನಿಲ್ಲಲಿಕ್ಕಿಲ್ಲವೆಂದು ಹೆದರಿ ನಾವೇ ಆ ಮಾತ್ರೆ ನಿಲ್ಲಿಸಿದೆವು. ಮತ್ತೆ ಶುರು ಮಾಡಲು ಮರೆತೇ ಹೋಯಿತು. ಮೂರು ವಾರದ ಬಳಿಕ ಒಂದು ಬೆಳಿಗ್ಗೆ ಆರೂವರೆಗೆ ಬಚ್ಚಲುಮನೆಯಲ್ಲಿ ಬಿದ್ದಿದ್ದರು. ಎಡಗೈ, ಎಡಗಾಲು ಎತ್ತಲಾಗುತ್ತಿರಲಿಲ್ಲ, ಬಾಯಿ ಸೊಟ್ಟಗಾಗಿತ್ತು. ಮೊದಲು ಹತ್ತಿರದ ಒಂದು ಚಿಕಿತ್ಸಾಲಯಕ್ಕೆ ಕರೆದೊಯ್ದೆವು. ಬಿ.ಪಿ. 190 ಇದೆಯೆಂದು ನಾಲಿಗೆಯಡಿ ಮಾತ್ರೆ ಇಟ್ಟು, ಡ್ರಿಪ್ ಹಾಕಿ, ಒಂದೂವರೆ ಗಂಟೆ ಬಿಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿ ಸ್ಕ್ಯಾನ್ ಮಾಡಿ, ಹತ್ತೂವರೆಗೆ ತೊಡೆಯ ಸಂದಿಯ ಮೂಲಕ ಕ್ಲಾಟ್ ತೆಗೆದರು. ಮರುದಿನದ ಸ್ಕ್ಯಾನಿನಲ್ಲಿ ಮಿದುಳಿನಲ್ಲಿ ರಕ್ತ ಕಂಡಿತು, ಅಪ್ಪ ಮೂರು ದಿನ ಮಂಕಾಗಿಯೇ ಇದ್ದರು. ಡಿಸ್ಚಾರ್ಜ್ ಕಾಗದದಲ್ಲಿ ಆಸ್ಪೆಕ್ಟ್ಸ್ 6, ಶುಗರ್ 286, ನಾಲ್ಕು ಪಾಸ್, ಪಿ.ಎಚ್.-1 ಎಂದು ಬರೆದಿದ್ದಾರೆ. ಈಗ ಆರು ವಾರ ಕಳೆದಿವೆ, ಕೋಲು ಹಿಡಿದು ನಡೆಯುತ್ತಾರೆ. ಮೊನ್ನೆಯ ಸ್ಕ್ಯಾನಿನಲ್ಲಿ ರಕ್ತ ಕರಗಿದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮತ್ತೆ ಆರಂಭಿಸಬೇಕು ಎನ್ನುತ್ತಾರೆ ವೈದ್ಯರು. ತಂತಿ ಹಾಕಿದ್ದರಿಂದಲೇ ನರ ಒಡೆಯಿತು ಎನ್ನುತ್ತಾರೆ ಚಿಕ್ಕಪ್ಪ. ದುಬೈಯಲ್ಲಿರುವ ಅಣ್ಣ, ಆಪರೇಶನ್ ಆದ ಮೇಲೂ ಬಿ.ಪಿ. 160 ಇತ್ತು, ಅದನ್ನು ಇಳಿಸದೆ ಬಿಟ್ಟರು, ಇನ್ನು ಆ ಮಾತ್ರೆ ಮಾತ್ರ ಬೇಡ ಎಂದು ಹಟ ಹಿಡಿದಿದ್ದಾನೆ. ಸಹಿ ಹಾಕಿದವಳು ನಾನು. ನನ್ನಿಂದ ತಪ್ಪಾಯಿತೇ? ರಕ್ತಸ್ರಾವ ಆಗುವುದೆಂದು ಮೊದಲೇ ತಿಳಿಯಲು ಸಾಧ್ಯವಿತ್ತೇ? ಮಾತ್ರೆ ಕೊಡಬೇಕೇ, ಬೇಡವೇ? ಕೊಟ್ಟರೆ ಬಸಳೆ, ಹರಿವೆ ತಿನ್ನಬಾರದೇ ಎಂದು ಅಮ್ಮ ಕೇಳುತ್ತಿದ್ದಾರೆ.

ಉತ್ತರ:

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ನಾಲ್ಕಾರು ಇದ್ದರೂ ಅವೆಲ್ಲದರ ಅಡಿಯಲ್ಲಿರುವ ಅಳುಕು ಒಂದೇ: ಅಪ್ಪನ ಮಿದುಳಿನಲ್ಲಿ ರಕ್ತ ಸುರಿಯಲು ನಾನು ಹಾಕಿದ ಸಹಿ ಕಾರಣವಾಯಿತೇ ಎಂಬುದು. ಉಡುಪಿ, ಮಂಗಳೂರು ಭಾಗದಲ್ಲಿ ಸ್ಟ್ರೋಕ್ ರೋಗಿಗಳನ್ನು ನೋಡುತ್ತ ಬಂದಿರುವ ನನಗೆ ಈ ಪ್ರಶ್ನೆ ಹೊಸದಲ್ಲ; ತೀವ್ರ ನಿಗಾ ಘಟಕದ ಹೊರಗಿನ ಕುರ್ಚಿಗಳಲ್ಲಿ ಕುಳಿತವರು ಇದನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇರುತ್ತಾರೆ. ನಿಮ್ಮ ತಂದೆಯ ಸ್ಕ್ಯಾನುಗಳನ್ನು ನಾನು ಕಣ್ಣಾರೆ ನೋಡಿಲ್ಲವಾದ್ದರಿಂದ ಕೊನೆಯ ಮಾತು ಅವರ ವೈದ್ಯರದ್ದೇ. ಆದರೆ ನೀವು ಕಾಗದದಿಂದ ಎತ್ತಿ ಬರೆದಿರುವ ನಾಲ್ಕು ಅಂಶಗಳಲ್ಲೇ ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರದ ಬಹುಭಾಗ ಅಡಗಿದೆ.

ಚಿಕ್ಕಪ್ಪನ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಪೂರ್ತಿ ಸುಳ್ಳೂ ಅಲ್ಲ. ಥ್ರಾಂಬೆಕ್ಟಮಿ ಎಂದು ಕರೆಯುವ ಈ ಚಿಕಿತ್ಸೆಯಲ್ಲಿ ತೊಡೆಯ ಸಂದಿಯ ಅಥವಾ ಮಣಿಕಟ್ಟಿನ ರಕ್ತನಾಳದಿಂದ ತೆಳುವಾದ ಕೊಳವೆಯನ್ನು ಮಿದುಳಿನವರೆಗೆ ಒಯ್ದು, ಅಲ್ಲಿ ಸಿಕ್ಕಿಕೊಂಡಿರುವ ಹೆಪ್ಪನ್ನು ಬಲೆಯಂತಹ ಸ್ಟೆಂಟಿನಿಂದ ಹಿಡಿದೆಳೆಯುತ್ತಾರೆ ಅಥವಾ ಹೀರಿ ತೆಗೆಯುತ್ತಾರೆ. ಈ ಹಾದಿಯಲ್ಲಿ ರಕ್ತನಾಳದ ಗೋಡೆ ತೂತಾಗುವುದುಂಟು. ಅದು ವಿರಳ, ಆದರೆ ಆದಾಗ ಗಂಭೀರ. ಹಾಗೆ ಆದರೆ ಅದು ಮರುದಿನದವರೆಗೆ ಅಡಗಿ ಕೂರುವುದಿಲ್ಲ. ನಾಳಗಳು ಪರದೆಯಲ್ಲಿ ಕಾಣಲೆಂದು ಒಳಗೆ ಬಿಡುವ ಬಣ್ಣದ ದ್ರಾವಣ ನಾಳದಿಂದ ಹೊರಚೆಲ್ಲುವುದು ಸಾಮಾನ್ಯವಾಗಿ ಆಪರೇಶನ್ ಮೇಜಿನ ಮೇಲೆಯೇ, ಪರದೆಯಲ್ಲಿ ಕಾಣುತ್ತದೆ, ಮತ್ತು ರಕ್ತ ಹೆಚ್ಚಾಗಿ ಮಿದುಳಿನ ಹೊರಮೈಯ ಪೊರೆಗಳ ನಡುವೆ ಹರಡುತ್ತದೆ. ನಿಮ್ಮ ತಂದೆಯ ಕಾಗದದಲ್ಲಿರುವ ಪಿ.ಎಚ್.-1 ಎಂಬ ಗುರುತು ಹೇಳುವುದು ಬೇರೆಯದನ್ನು. ಸ್ಟ್ರೋಕಿನಿಂದ ಸತ್ತ ಮಿದುಳಿನ ಭಾಗದ ಒಳಗೇ ರಕ್ತ ಜಿನುಗಿ ಗಟ್ಟಿಯಾಗಿದೆ, ಆ ಗಟ್ಟಿ ಸತ್ತ ಭಾಗದ ಶೇ. 30ಕ್ಕಿಂತ ಹೆಚ್ಚಿಲ್ಲ ಎಂದು ಅದರ ಅರ್ಥ. ಈ ಬಗೆಯ ರಕ್ತಸ್ರಾವ ತಂತಿ ಚುಚ್ಚಿ ಆಗುವಂಥದ್ದಲ್ಲ.

ಹಾಗಾದರೆ ಯಾವುದರಿಂದ? ಹೆಪ್ಪು ಸಿಕ್ಕಿಕೊಂಡಾಗ ಹಸಿವಿನಿಂದ ಸಾಯುವುದು ನರಕೋಶಗಳು ಮಾತ್ರವಲ್ಲ; ಆ ಭಾಗದ ಅತಿಸೂಕ್ಷ್ಮ ರಕ್ತನಾಳಗಳ ಗೋಡೆಯ ಜೀವಕೋಶಗಳೂ ಆಮ್ಲಜನಕವಿಲ್ಲದೆ ಸಡಿಲಗೊಳ್ಳುತ್ತವೆ. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ಬಿಗಿಯಾದ ತಡೆಗೋಡೆ ಗಂಟೆ ಕಳೆದಂತೆ ಸೋರತೊಡಗುತ್ತದೆ. ಬೇಸಿಗೆಯಿಡೀ ಒಣಗಿ ಬಿರುಕುಬಿಟ್ಟು, ಏಡಿ ಮಾಟೆ ಕೊರೆದ ಗದ್ದೆಯ ಹುಣಿಯನ್ನು ನೆನೆಸಿಕೊಳ್ಳಿ. ತೋಡಿನ ನೀರನ್ನು ಒಮ್ಮೆಗೇ ಬಿಟ್ಟರೆ ಹುಣಿ ಅಲ್ಲಲ್ಲಿ ಒಸರುತ್ತದೆ, ಕೆಲವೆಡೆ ಕುಸಿಯುತ್ತದೆ. ಹಾಗೆಂದು ನೀರು ಬಿಡದೆ ಕೂತರೆ ಇನ್ನೂ ಹಸಿರಾಗಿರುವ ಪಕ್ಕದ ಗದ್ದೆಗಳ ಪೈರೂ ಒಣಗುತ್ತದೆ. ದೊಡ್ಡ ರಕ್ತನಾಳ ಮುಚ್ಚಿಕೊಂಡ ಸ್ಟ್ರೋಕಿನಲ್ಲಿ ಪ್ರತಿ ನಿಮಿಷ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಪಕ್ಕದ ಗದ್ದೆಗಳೆಂದು ನಾನು ಕರೆದದ್ದು, ಸಾಯುವ ಸರದಿಯಲ್ಲಿ ನಿಂತ ಆ ಭಾಗವನ್ನೇ.

ಹೆಪ್ಪು ತೆಗೆಯದೆ ಬಿಟ್ಟವರಲ್ಲೂ ಈ ಒಸರು ಕಾಣಿಸಿಕೊಳ್ಳುತ್ತದೆ ಎಂಬುದನ್ನು ಮನೆಯವರಿಗೆ ಒಪ್ಪಿಸುವುದು ಕಷ್ಟ. ಹೃದಯದಿಂದ ಬಂದ ಹೆಪ್ಪುಗಳು ಎಷ್ಟೋ ಬಾರಿ ಒಂದೆರಡು ದಿನಗಳಲ್ಲಿ ತಾವಾಗಿಯೇ ಒಡೆದು ಮುಂದೆ ಸರಿಯುತ್ತವೆ. ಆಗಲೂ ರಕ್ತ ಅದೇ ಶಿಥಿಲ ನಾಳಗಳಿಗೆ ನುಗ್ಗುತ್ತದೆ. ಹೆಪ್ಪು ತೆಗೆಯುವ ಚಿಕಿತ್ಸೆಯನ್ನು ಜಗತ್ತು ಒಪ್ಪಿಕೊಳ್ಳುವಂತೆ ಮಾಡಿದ 2015ರ ಐದು ಪ್ರಯೋಗಗಳ 1,287 ರೋಗಿಗಳ ಮಾಹಿತಿಯನ್ನು 2016ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಸ್ಥಿತಿಯನ್ನು ಹದಗೆಡಿಸುವಂಥ ರಕ್ತಸ್ರಾವ ಹೆಪ್ಪು ತೆಗೆದವರಲ್ಲಿ ಶೇ. 4.4, ತೆಗೆಯದವರಲ್ಲಿ ಶೇ. 4.3 ಇತ್ತು. ಎರಡೂ ಗುಂಪಿನ ಹೆಚ್ಚಿನವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟಿದ್ದರು, ಆ ಅಪಾಯ ಎರಡೂ ಕಡೆ ಸೇರಿಕೊಂಡಿದೆ ಎಂಬುದನ್ನು ಬಿಡದೆ ಹೇಳಬೇಕು.

ಆದರೆ ನಿಮ್ಮ ತಂದೆ ಆ ಐದು ಪ್ರಯೋಗಗಳ ಬಹುಪಾಲು ರೋಗಿಗಳಂತೆ ಬೇಗ ಬಂದವರಲ್ಲ. ಬೆಳಿಗ್ಗೆ ಬಿದ್ದುದನ್ನು ನೋಡಿದ್ದು ಆರೂವರೆಗೆ ಇರಬಹುದು. ಲೆಕ್ಕ ಮಾತ್ರ ಹಿಂದಿನ ರಾತ್ರಿ ಅವರು ಚೆನ್ನಾಗಿದ್ದುದನ್ನು ಕೊನೆಯ ಬಾರಿ ಕಂಡ ಹೊತ್ತಿನಿಂದ ಆರಂಭವಾಗುತ್ತದೆ. ಹತ್ತು ಗಂಟೆಗೆ ಮಲಗಿದ್ದರು ಎಂದು ಹಿಡಿದರೆ ಹೆಪ್ಪು ತೆಗೆಯುವ ಹೊತ್ತಿಗೆ ಹನ್ನೆರಡೂವರೆ ಗಂಟೆ. ಕರಗಿಸುವ ಇಂಜೆಕ್ಷನ್ ಕೊಟ್ಟಿದ್ದಾಗಿ ನೀವು ಬರೆದಿಲ್ಲ. ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡುವ ಔಷಧಿಯಾದ್ದರಿಂದ ಅದು ಸಹಜವೇ. ಹೀಗೆ ತಡವಾಗಿ ಬಂದವರಿಗೂ ಹೆಪ್ಪು ತೆಗೆಯಬಹುದು ಎಂದು ತೋರಿಸಿದ್ದು 2018ರಲ್ಲಿ ಪ್ರಕಟವಾದ ಡಾನ್ ಮತ್ತು ಡಿಫ್ಯೂಸ್-3 ಪ್ರಯೋಗಗಳು. ಅಲ್ಲಿ ಹದಗೆಡಿಸುವ ರಕ್ತಸ್ರಾವ ಹೆಪ್ಪು ತೆಗೆದವರಲ್ಲಿ ಕ್ರಮವಾಗಿ ಶೇ. 6 ಮತ್ತು 7, ತೆಗೆಯದವರಲ್ಲಿ ಶೇ. 3 ಮತ್ತು 4. ಅಂದರೆ ನೂರಕ್ಕೆ ಮೂರರಷ್ಟು ಹೆಚ್ಚು ಕಂಡಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅದೇ ಪ್ರಯೋಗಗಳಲ್ಲಿ ಮೂರು ತಿಂಗಳ ಬಳಿಕ ಇನ್ನೊಬ್ಬರ ಆಸರೆಯಿಲ್ಲದೆ ಬದುಕುವ ಮಟ್ಟಕ್ಕೆ ಬಂದವರು ಹೆಪ್ಪು ತೆಗೆದವರಲ್ಲಿ ಶೇ. 49 ಮತ್ತು 45, ತೆಗೆಯದವರಲ್ಲಿ ಶೇ. 13 ಮತ್ತು 17. ನೀವು ಸಹಿ ಹಾಕಿದ್ದು ಈ ಎರಡು ಲೆಕ್ಕಗಳ ನಡುವೆ. ಆ ಬೆಳಿಗ್ಗೆ ನಿಮ್ಮ ಜಾಗದಲ್ಲಿ ನಾನಿದ್ದಿದ್ದರೂ, ನನ್ನ ಸ್ವಂತ ತಂದೆಯಾಗಿದ್ದರೂ, ಸಹಿ ಹಾಕುತ್ತಿದ್ದೆ.

ಯಾರಿಗೆ ಅಪಾಯ ಹೆಚ್ಚು?

ಈಗ ಕಾಗದದಲ್ಲಿರುವ ಅಂಶಗಳಿಗೆ ಬರೋಣ. ಆಸ್ಪೆಕ್ಟ್ಸ್ ಎನ್ನುವುದು ಸಿ.ಟಿ. ಸ್ಕ್ಯಾನಿನಲ್ಲಿ ಮಿದುಳಿನ ಒಂದು ಬದಿಗೆ ಕೊಡುವ ಅಂಕ. ಹತ್ತಕ್ಕೆ ಹತ್ತು ಎಂದರೆ ಕಣ್ಣಿಗೆ ಕಾಣುವ ಹಾನಿಯಿಲ್ಲ. ಹಾನಿಗೊಂಡ ಒಂದೊಂದು ಪ್ರದೇಶಕ್ಕೂ ಒಂದೊಂದು ಅಂಕ ಕಳೆಯುತ್ತಾರೆ. ನಿಮ್ಮ ತಂದೆಗೆ ಆರು, ಅಂದರೆ ಹೆಪ್ಪು ತೆಗೆಯುವ ಮೊದಲೇ ನಾಲ್ಕು ಪ್ರದೇಶಗಳಲ್ಲಿ ಹಾನಿ ಕಾಣುತ್ತಿತ್ತು. ರಕ್ತಸ್ರಾವದ ಸಾಧ್ಯತೆಯನ್ನು ಬೇರೆಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಇದೇ: ಸತ್ತ ಭಾಗ ಎಷ್ಟು ದೊಡ್ಡದು, ಅದು ಎಷ್ಟು ಹೊತ್ತು ರಕ್ತವಿಲ್ಲದೆ ಇತ್ತು. ಗಡಿಯಾರದ ಹೊತ್ತೊಂದೇ ಇದನ್ನು ನಿರ್ಣಯಿಸುವುದಿಲ್ಲ. ಕೆಲವರಿಗೆ ಪಕ್ಕದ ನಾಳಗಳಿಂದ ಬಳಸುದಾರಿಯ ರಕ್ತ ಚೆನ್ನಾಗಿ ಒದಗುವುದರಿಂದ ಹದಿನಾಲ್ಕು ಗಂಟೆಯಾದರೂ ಹಾನಿ ಸಣ್ಣದಾಗಿಯೇ ಉಳಿಯುತ್ತದೆ; ಬಳಸುದಾರಿ ದುರ್ಬಲವಾಗಿದ್ದವರಿಗೆ ಎರಡು ಗಂಟೆಯಲ್ಲೇ ಅರ್ಧ ಮಿದುಳು ಹೋಗಿರುತ್ತದೆ. ಮಿದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗವಿದೆ. ಅದಕ್ಕೆ ರಕ್ತ ಕೊಡುವ ಕೂದಲೆಳೆಯಂಥ ನಾಳಗಳಿಗೆ ಬಳಸುದಾರಿಯೇ ಇಲ್ಲದ ಕಾರಣ, ಹೆಪ್ಪು ಅವುಗಳ ಬಾಯಿಯಲ್ಲೇ ಕೂತರೆ ಮೊದಲು ಸಾಯುವುದೂ ಆ ಜಾಗ, ಅನೇಕ ವೇಳೆ ರಕ್ತ ಜಿನುಗುವುದೂ ಆ ಜಾಗ.

ಇಲ್ಲಿಯೇ ನಾಲಿಗೆಯಡಿಯ ಮಾತ್ರೆಯ ಮಾತನ್ನೂ ಹೇಳಿಬಿಡುತ್ತೇನೆ. ಬಳಸುದಾರಿಯಲ್ಲಿ ರಕ್ತ ಹರಿಯಲು ಒತ್ತಡ ಬೇಕು. ಸ್ಟ್ರೋಕ್ ಆದಾಗ ಬಿ.ಪಿ. ಏರುವುದರಲ್ಲಿ ದೇಹದ ಈ ಪ್ರಯತ್ನವೂ ಇದೆ. ಅದನ್ನು ಸ್ಕ್ಯಾನ್ ಆಗುವ ಮೊದಲೇ ಮಾತ್ರೆಯಿಟ್ಟು ದಿಢೀರೆಂದು ಇಳಿಸಿದರೆ ಉಳಿದಿದ್ದ ಭಾಗವೂ ಸಾಯಬಹುದು. ಆ ಒಂದೂವರೆ ಗಂಟೆಯಲ್ಲಿ ನಿಮ್ಮ ತಂದೆಗೆ ಎಷ್ಟು ನಷ್ಟವಾಯಿತೆಂದು ಯಾರೂ ಅಳೆದು ಹೇಳಲಾರರು, ಯಾರನ್ನೋ ದೂರುವುದಕ್ಕಾಗಿ ಇದನ್ನು ಬರೆಯುತ್ತಲೂ ಇಲ್ಲ. ಆದರೆ ಇದನ್ನು ಓದುವ ಇತರರಿಗಾಗಿ: ಮುಖ ಸೊಟ್ಟಗಾಗಿ ಕೈಕಾಲು ಬಿದ್ದುಹೋದವರಿಗೆ ಮನೆಯಲ್ಲಾಗಲಿ ದಾರಿಯಲ್ಲಾಗಲಿ ಬಿ.ಪಿ. ಮಾತ್ರೆ ಬೇಡ, ಆಸ್ಪಿರಿನ್ ಬೇಡ, ನೀರು ಕುಡಿಸುವುದೂ ಬೇಡ. 108ಕ್ಕೆ ಕರೆ ಮಾಡಿ, ಹಗಲಿರುಳು ಸಿ.ಟಿ. ಸ್ಕ್ಯಾನ್ ಇದ್ದು ಹೆಪ್ಪು ತೆಗೆಯುವ ವ್ಯವಸ್ಥೆಯೂ ಇರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು. ಬೈಂದೂರಿನಿಂದಲೋ ಹೆಬ್ರಿಯಿಂದಲೋ ಬರುವವರಿಗೆ ದಾರಿಯೇ ಉದ್ದ, ಮಳೆಗಾಲದಲ್ಲಂತೂ ಇನ್ನೂ ಉದ್ದ. ನಡುವೆ ಇಳಿದು ಡ್ರಿಪ್ ಹಾಕಿಸಿಕೊಳ್ಳುವಷ್ಟು ಬಿಡುವು ಮಿದುಳಿಗಿಲ್ಲ.

ಎರಡನೆಯದು ಶುಗರ್. ದಾಖಲಾಗುವಾಗ 286 ಇತ್ತು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದವರಲ್ಲಿ ಹೆಪ್ಪು ತೆಗೆದ ಬಳಿಕದ ರಕ್ತಸ್ರಾವ ಹೆಚ್ಚು ಎಂಬುದು ಅಧ್ಯಯನದಿಂದ ಅಧ್ಯಯನಕ್ಕೆ ಮರಳಿ ಮರಳಿ ಕಾಣುವ ಸಂಗತಿ, ವಾರ್ಡಿನಲ್ಲಿ ನಾನೂ ಕಂಡಿರುವುದು. ರಕ್ತವಿಲ್ಲದೆ ಒದ್ದಾಡುವ ಜೀವಕೋಶಕ್ಕೆ ಸಕ್ಕರೆ ಮಾತ್ರ ಧಾರಾಳವಾಗಿ ಸಿಕ್ಕರೆ ಅದು ಆಮ್ಲಜನಕವಿಲ್ಲದೆಯೇ ಅದನ್ನು ಸುಟ್ಟು ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ, ನಾಳಗಳ ತಡೆಗೋಡೆ ಇನ್ನಷ್ಟು ಬೇಗ ಸಡಿಲವಾಗುತ್ತದೆ. ಇದರ ಜೊತೆಗೆ, ಹದಿನೈದು ವರ್ಷ ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಎರಡನ್ನೂ ಹೊತ್ತ ನಾಳಗಳು ಸ್ಟ್ರೋಕಿನ ಹಿಂದಿನ ದಿನವೇ ಗಟ್ಟಿಮುಟ್ಟಾಗಿರಲಿಲ್ಲ. ಹಾಗೆಂದು ಆಸ್ಪತ್ರೆಯಲ್ಲಿ ಇನ್ಸುಲಿನ್ ಸುರಿದು ಸಕ್ಕರೆಯನ್ನು ತೀರ ಕೆಳಗಿಳಿಸಿದರೆ ಹಾನಿ ಹಿಂದಕ್ಕೆ ಹೋಗುವುದಿಲ್ಲ. 2019ರಲ್ಲಿ ಪ್ರಕಟವಾದ ಶೈನ್ ಪ್ರಯೋಗದಲ್ಲಿ ಕಟ್ಟುನಿಟ್ಟಾಗಿ 80ರಿಂದ 130ರ ನಡುವೆ ಹಿಡಿದಿಟ್ಟವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ, ಸಕ್ಕರೆ ಅಪಾಯಕಾರಿಯಾಗಿ ಕುಸಿದ ಪ್ರಸಂಗಗಳು ಮಾತ್ರ ಹೆಚ್ಚಾದವು. ಆದ್ದರಿಂದ ಸಾಮಾನ್ಯವಾಗಿ 140ರಿಂದ 180ರ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತೇವೆ.

ನಾಲ್ಕು ಪಾಸ್ ಎಂದರೆ ಹೆಪ್ಪನ್ನು ಹೊರತರಲು ನಾಲ್ಕು ಬಾರಿ ಪ್ರಯತ್ನಿಸಬೇಕಾಯಿತು ಎಂದರ್ಥ. ಮೂರಕ್ಕಿಂತ ಹೆಚ್ಚು ಬಾರಿ ಎಳೆಯಬೇಕಾದಾಗ ರಕ್ತಸ್ರಾವದ ಸಾಧ್ಯತೆ ಏರುತ್ತದೆ ಎಂಬುದು ನಿಜ. ನಾಳದ ಒಳಪದರಕ್ಕೆ ಉಜ್ಜಾಟವೂ ಹೆಚ್ಚು, ಕಳೆಯುವ ಹೊತ್ತೂ ಹೆಚ್ಚು. ಆದರೆ ಇದನ್ನು ಕೈಚಳಕದ ಕೊರತೆ ಎಂದು ಓದಬಾರದು. ಕೆಲವು ಹೆಪ್ಪುಗಳು ಬೆಣ್ಣೆಯಂತೆ ಒಮ್ಮೆಗೇ ಬರುತ್ತವೆ, ಕೆಲವು ನಾರಿನಂತೆ ಗೋಡೆಗೆ ಅಂಟಿಕೊಂಡಿರುತ್ತವೆ. ನಮ್ಮಲ್ಲಿ ಅನೇಕರಿಗೆ ಆ ಜಾಗದ ನಾಳವೇ ಕೊಬ್ಬು ಕಟ್ಟಿ ಕಿರಿದಾಗಿರುತ್ತದೆ. ಮೂರನೆಯ ಬಾರಿಗೂ ಬಾರದಿದ್ದಾಗ ನಿಲ್ಲಿಸಬೇಕೋ ಮುಂದುವರಿಯಬೇಕೋ ಎಂಬುದು ಮೇಜಿನ ಬಳಿ ನಿಂತವರಿಗೆ ಬಹಳ ಒಂಟಿತನದ ನಿರ್ಧಾರ, ಮತ್ತು ನಿಮ್ಮ ತಂದೆಯ ವಿಷಯದಲ್ಲಿ ನಾಲ್ಕನೆಯ ಪ್ರಯತ್ನ ಫಲಿಸಿದ್ದರಿಂದಲೇ ಇಂದು ಅವರು ಕೋಲು ಹಿಡಿದು ನಡೆಯುತ್ತಿರಬಹುದು.

ಅವರಿಗೆ ಅನ್ವಯಿಸದ ಕೆಲವು ಕಾರಣಗಳೂ ಇವೆ. ಕತ್ತಿನ ದೊಡ್ಡ ನಾಳವೂ ಮುಚ್ಚಿಕೊಂಡು ಅಲ್ಲಿ ಸ್ಟೆಂಟ್ ಹಾಕಬೇಕಾದವರಿಗೆ ಒಡನೆಯೇ ಪ್ಲೇಟ್ಲೆಟ್ ತಡೆಯುವ ಔಷಧಿಗಳು ಬೇಕಾಗುವುದರಿಂದ ಅಪಾಯ ಹೆಚ್ಚು. ರಕ್ತ ತೆಳುವಾಗಿಸುವ ಹಳೆಯ ಔಷಧಿಗಳಾದ ವಾರ್ಫರಿನ್ ಅಥವಾ ಅಸಿಟ್ರಾಂ ಸೇವಿಸುತ್ತ, ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐ.ಎನ್.ಆರ್. ಮಿತಿಮೀರಿದವರದ್ದೂ ಹಾಗೆಯೇ. ವಯಸ್ಸಾಗಿದೆ ಎಂಬುದೊಂದೇ ಕಾರಣಕ್ಕೆ ಹೆಪ್ಪು ತೆಗೆಯಬಾರದಿತ್ತು ಎನ್ನುವವರಿದ್ದಾರೆ. ಮೇಲೆ ಹೇಳಿದ ಐದು ಪ್ರಯೋಗಗಳಲ್ಲಿ 80 ದಾಟಿದವರಿಗೂ ಲಾಭ ಕಂಡಿದೆ.

ಇನ್ನು ನಿಮ್ಮ ಅಣ್ಣನ ದೂರು. ಹೆಪ್ಪು ತೆಗೆದ ಮೇಲೆ ಬಿ.ಪಿ. ಹೆಚ್ಚಿದ್ದರೆ ಒಸರುವ ನಾಳಗಳ ಮೇಲೆ ಒತ್ತಡ ಬೀಳುವುದು ನಿಜವಾದ್ದರಿಂದ ಮೇಲಿನ ಸಂಖ್ಯೆಯನ್ನು 180ರೊಳಗೆ ಇಡುವುದು ರೂಢಿ. 180ರೊಳಗೆ ಒಳ್ಳೆಯದಾದರೆ 120ರೊಳಗೆ ಇನ್ನೂ ಒಳ್ಳೆಯದಲ್ಲವೇ ಎಂದು ನಾವು ವೈದ್ಯರೂ ಯೋಚಿಸಿದ್ದೆವು. ಚೀನಾದಲ್ಲಿ ಅದನ್ನೇ ಪರೀಕ್ಷಿಸಿದ ಪ್ರಯೋಗವೊಂದನ್ನು, 120ರೊಳಗೆ ಇಳಿಸಿದವರ ಸ್ಥಿತಿ 140ರಿಂದ 180ರ ನಡುವೆ ಬಿಟ್ಟವರಿಗಿಂತ ಕೆಟ್ಟದ್ದರಿಂದ ನಡುವೆಯೇ ನಿಲ್ಲಿಸಬೇಕಾಯಿತು; ಅದು ಪ್ರಕಟವಾದದ್ದು 2022ರಲ್ಲಿ. ಮರುವರ್ಷ ದಕ್ಷಿಣ ಕೊರಿಯಾದಿಂದ ಬಂದ ಪ್ರಯೋಗದಲ್ಲಿ 140ರೊಳಗೆ ಇಳಿಸಿದವರ ಪೈಕಿ ಸ್ವತಂತ್ರವಾಗಿ ಬದುಕುವಂತಾದವರು ಶೇ. 39, ಇಳಿಸದೆ ಬಿಟ್ಟವರ ಪೈಕಿ ಶೇ. 54. ಇಷ್ಟೆಲ್ಲ ಇಳಿಸಿದರೂ ರಕ್ತಸ್ರಾವವೇನೂ ಗಮನಾರ್ಹವಾಗಿ ತಗ್ಗಲಿಲ್ಲ. ನಿಮ್ಮ ತಂದೆಯ 160ನ್ನು ಇಳಿಸದೆ ಬಿಟ್ಟದ್ದು ಅಲಕ್ಷ್ಯವಲ್ಲ, ಬಹುಶಃ ಎಚ್ಚರ ಎಂದು ಅಣ್ಣನಿಗೆ ದೂರವಾಣಿಯಲ್ಲಿ ಹೇಳಿ.

ಮೊದಲೇ ತಿಳಿಯಬಹುದಿತ್ತೇ ಎಂದು ಕೇಳಿದ್ದೀರಿ. ಅಪಾಯ ಹೆಚ್ಚಿದೆ ಎಂದು ತಿಳಿಯಬಹುದಿತ್ತು, ಅವರ ವೈದ್ಯರಿಗೆ ತಿಳಿದೂ ಇದ್ದಿರಬೇಕು. ತೊಡಕು ಇರುವುದು ಬೇರೆಡೆ: ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುವ ಅಂಶಗಳೂ, ಹೆಪ್ಪು ತೆಗೆಯದಿದ್ದರೆ ಹಾಸಿಗೆ ಹಿಡಿಸುವ ಅಂಶಗಳೂ ಬಹುಮಟ್ಟಿಗೆ ಒಂದೇ. ಜಪಾನಿನಲ್ಲಿ ಆಸ್ಪೆಕ್ಟ್ಸ್ 3ರಿಂದ 5 ಇದ್ದವರ, ಅಂದರೆ ನಿಮ್ಮ ತಂದೆಗಿಂತ ಹೆಚ್ಚು ಹಾನಿಯಾದವರ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೆಪ್ಪು ತೆಗೆದವರ ಪೈಕಿ ಶೇ. 58 ಮಂದಿಯ ಸ್ಕ್ಯಾನಿನಲ್ಲಿ ಯಾವುದಾದರೊಂದು ಬಗೆಯ ರಕ್ತ ಕಂಡಿತು, ತೆಗೆಯದವರಲ್ಲಿ ಶೇ. 31. ಹಾಗಿದ್ದರೂ ಮೂರು ತಿಂಗಳಿಗೆ ಇನ್ನೊಬ್ಬರ ಆಸರೆಯಿಲ್ಲದೆ ನಡೆಯಬಲ್ಲವರಾಗಿದ್ದವರು ಹೆಪ್ಪು ತೆಗೆದವರಲ್ಲಿ ಶೇ. 31, ತೆಗೆಯದವರಲ್ಲಿ ಶೇ. 13ರ ಹತ್ತಿರ. ಸ್ಕ್ಯಾನಿನಲ್ಲಿ ರಕ್ತ ಕಂಡದ್ದಕ್ಕೂ ರೋಗಿ ಸೋತದ್ದಕ್ಕೂ ವ್ಯತ್ಯಾಸವಿದೆಯೆಂದು ಇದರಿಂದ ತಿಳಿಯುತ್ತದೆ.

ಆ ವ್ಯತ್ಯಾಸ ಮನೆಯವರಿಗೆ ತಲುಪುವುದೇ ಇಲ್ಲ ಎಂಬುದು ನನ್ನ ಕೊರಗು. ಮಿದುಳಿನಲ್ಲಿ ಬ್ಲೀಡಿಂಗ್ ಆಗಿದೆ ಎಂಬ ಒಂದೇ ವಾಕ್ಯದಲ್ಲಿ ನಾವು ನಾಲ್ಕು ಬೇರೆ ಬೇರೆ ಸಂಗತಿಗಳನ್ನು ತುರುಕುತ್ತೇವೆ. ಸತ್ತ ಭಾಗದ ಅಂಚಿನಲ್ಲಿ ಚುಕ್ಕೆಗಳಂತೆ ಕಾಣುವ ರಕ್ತ ಒಂದು, ಆ ಚುಕ್ಕೆಗಳು ಕೂಡಿಕೊಂಡದ್ದು ಎರಡು. ಇವುಗಳಿಂದ ರೋಗಿಗೆ ಹೆಚ್ಚಾಗಿ ಏನೂ ತಿಳಿಯುವುದಿಲ್ಲ, ನಾಳ ತೆರೆದು ರಕ್ತ ಮರಳಿತು ಎಂಬುದರ ಗುರುತೂ ಆಗಿರಬಹುದು. ನಿಮ್ಮ ತಂದೆಯ ಪಿ.ಎಚ್.-1 ಮೂರನೆಯದು. ಸತ್ತ ಭಾಗದ ಶೇ. 30ಕ್ಕಿಂತ ಹೆಚ್ಚು ಜಾಗ ತುಂಬಿ ಸುತ್ತಲ ಮಿದುಳನ್ನು ಒತ್ತುವ ಪಿ.ಎಚ್.-2 ನಾಲ್ಕನೆಯದು, ಜೀವಕ್ಕೆ ಮುಳುವಾಗುವುದು ಮುಖ್ಯವಾಗಿ ಅದೇ. ಇದಲ್ಲದೆ, ಆಪರೇಶನ್ ಮುಗಿದೊಡನೆ ತೆಗೆದ ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುವುದೆಲ್ಲ ರಕ್ತವೇ ಆಗಿರಬೇಕಿಲ್ಲ. ಸೋರುವ ನಾಳಗಳಿಂದ ಒಸರಿದ ಬಣ್ಣದ ದ್ರಾವಣವೂ ಹಾಗೆಯೇ ಕಾಣುತ್ತದೆ, ಒಂದೆರಡು ದಿನಗಳಲ್ಲಿ ಮಾಯವಾಗುತ್ತದೆ. ಆರು ವಾರದ ಬಳಿಕ ನಿಮ್ಮ ತಂದೆ ಇರುವ ಸ್ಥಿತಿಯನ್ನು ನೋಡಿದರೆ, ಅವರ ಎಡಗೈಯ ಸೋಲಿಗೆ ಕಾರಣ ಬಹುಮಟ್ಟಿಗೆ ಹೆಪ್ಪಿನಿಂದಾದ ಹಾನಿ. ರಕ್ತಸ್ರಾವ ಅದಕ್ಕೆ ಮೂರು ದಿನದ ಮಂಕು ಸೇರಿಸಿರಬಹುದು.

ಮಾತ್ರೆ ಬೇಕೇ?

ಈ ಇಡೀ ಕಥೆ ಆರಂಭವಾದದ್ದು ರಕ್ತಸ್ರಾವದ ಹೆದರಿಕೆಯಿಂದ. ಹಲ್ಲು ಕೀಳಿಸುವಾಗ ರಕ್ತ ನಿಲ್ಲಲಿಕ್ಕಿಲ್ಲವೆಂದು ಮಾತ್ರೆ ನಿಂತಿತು, ತಾಳ ತಪ್ಪಿದ ಹೃದಯದಲ್ಲಿ ಬಹುಶಃ ಹೆಪ್ಪು ಕಟ್ಟಿತು, ಅದು ಮಿದುಳಿಗೆ ಹೋಯಿತು. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಅದೇ ಹೆದರಿಕೆ ಈಗ ಎರಡನೆಯ ಬಾರಿ ಅದೇ ನಿರ್ಧಾರದ ಕಡೆಗೆ ನಿಮ್ಮನ್ನು ಎಳೆಯುತ್ತಿರುವುದರಿಂದ ಹೇಳುತ್ತಿದ್ದೇನೆ. ಒಂದೆರಡು ಹಲ್ಲು ಕೀಳಲು ಈ ಮಾತ್ರೆಗಳನ್ನು ಸಾಮಾನ್ಯವಾಗಿ ದಿನಗಟ್ಟಲೆ ನಿಲ್ಲಿಸಬೇಕಾಗಿಯೇ ಇಲ್ಲ. ಹೆಚ್ಚೆಂದರೆ ಅಂದಿನ ಬೆಳಗಿನ ಒಂದು ಗುಳಿಗೆಯನ್ನು ಮುಂದೂಡಿ, ಹತ್ತಿಯೊತ್ತಿ ಅಥವಾ ಹೊಲಿಗೆ ಹಾಕಿ ದಂತವೈದ್ಯರು ರಕ್ತ ನಿಲ್ಲಿಸುತ್ತಾರೆ.

ಹೃದಯದ ಈ ತಾಳತಪ್ಪು ಇದ್ದವರಿಗೆ ಸ್ಟ್ರೋಕಿನ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಐದು ಪಟ್ಟು. ವಯಸ್ಸು, ಬಿ.ಪಿ., ಸಕ್ಕರೆ, ಈಗಾಗಲೇ ಆಗಿರುವ ಸ್ಟ್ರೋಕ್ ಎಲ್ಲ ಸೇರಿಸಿ ನಾವು ಹಾಕುವ ಲೆಕ್ಕದಲ್ಲಿ ನಿಮ್ಮ ತಂದೆಗೆ ಐದು ಅಂಕ. ಗಂಡಸರಿಗೆ ಎರಡಾದರೇ ಮಾತ್ರೆ ಕೊಡಬೇಕೆನ್ನುತ್ತೇವೆ. ರಕ್ತ ತೆಳುವಾಗಿಸುವ ಔಷಧಿ ಆ ಅಪಾಯವನ್ನು ಮೂರರಲ್ಲಿ ಎರಡು ಪಾಲಿನಷ್ಟು ತಗ್ಗಿಸುತ್ತದೆ. ಇನ್ನೊಂದು ಅಂಶ ನಿಮ್ಮ ಅಣ್ಣ ಗಮನಿಸಬೇಕಾದದ್ದು: ಬಿ.ಪಿ.ಯಿಂದ ನಾಳ ತಾನಾಗಿ ಒಡೆದು ಆಗುವ ಮಿದುಳಿನ ರಕ್ತಸ್ರಾವವೇ ಬೇರೆ, ಸತ್ತ ಭಾಗಕ್ಕೆ ರಕ್ತ ಒಸರಿದ್ದೇ ಬೇರೆ. ಎರಡನೆಯದಕ್ಕೆ ಕಾರಣವಾದ ಗಾಯ ವಾರಗಳಲ್ಲಿ ಮಾಯುತ್ತದೆ. ಆರು ವಾರದ ಸ್ಕ್ಯಾನಿನಲ್ಲಿ ರಕ್ತ ಕರಗಿದ್ದರೆ ಮಾತ್ರೆಗೆ ಅದು ಶಾಶ್ವತ ಅಡ್ಡಿಯಲ್ಲ.

ದಾರಿಗಳು ಹೀಗಿವೆ. ಅಪಿಕ್ಸಾಬಾನ್ ಅಥವಾ ಡಬಿಗಾಟ್ರಾನ್‌ನಂಥ ಹೊಸ ಔಷಧಿಗಳಲ್ಲಿ ಒಂದನ್ನು ಈಗ ಆರಂಭಿಸುವುದು ನಾನು ಒಲಿಯುವ ದಾರಿ. ಮಿದುಳಿನೊಳಗಿನ ರಕ್ತಸ್ರಾವ ಇವುಗಳಲ್ಲಿ ವಾರ್ಫರಿನ್‌ಗಿಂತ ಕಡಿಮೆ, ಪದೇ ಪದೇ ಐ.ಎನ್.ಆರ್. ಪರೀಕ್ಷೆಯೂ ಬೇಡ. ಆದರೆ ಅಪಾಯ ಶೂನ್ಯವಲ್ಲ. ಕಿಡ್ನಿಯ ಕೆಲಸ ನೋಡಿಕೊಂಡೇ ಪ್ರಮಾಣ ನಿಗದಿಯಾಗಬೇಕು, ಹೆದರಿ ಅರ್ಧ ಮಾತ್ರೆ ಕೊಡುವುದು ಎರಡೂ ಕಡೆಯ ನಷ್ಟ. ಹೃದಯದ ಎಕೋ ಪರೀಕ್ಷೆಯಲ್ಲಿ ಮೈಟ್ರಲ್ ಕವಾಟ ಸಂಧಿವಾತದ ಜ್ವರದಿಂದ ಕಿರಿದಾಗಿದ್ದು ಕಂಡರೆ ಅಥವಾ ಲೋಹದ ಕವಾಟ ಇದ್ದರೆ ಈ ಹೊಸ ಔಷಧಿಗಳು ಸಲ್ಲವು, ವಾರ್ಫರಿನ್ ಬಗೆಯದೇ ಬೇಕು. ಹಾಗಾಗಿ ಎಕೋ ಆಗಿದೆಯೇ ಎಂದು ಕೇಳಿ.

ಆಸ್ಪಿರಿನ್ ಮಾತ್ರ ಸಾಲದೇ ಎಂದು ಅನೇಕರು ಚೌಕಾಸಿ ಮಾಡುತ್ತಾರೆ. ವಾರ್ಫರಿನ್ ಒಗ್ಗದವರಿಗೆ ಆಸ್ಪಿರಿನ್ ಮತ್ತು ಅಪಿಕ್ಸಾಬಾನ್ ಎರಡನ್ನು ಹೋಲಿಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವರ್ಷಕ್ಕೆ ಸ್ಟ್ರೋಕ್ ಆದವರು ಅಥವಾ ದೇಹದ ಬೇರೆಡೆಯ ನಾಳಕ್ಕೆ ಹೆಪ್ಪು ಸಿಕ್ಕಿಕೊಂಡವರು ಆಸ್ಪಿರಿನ್‌ನಲ್ಲಿ ಶೇ. 3.7, ಅಪಿಕ್ಸಾಬಾನ್‌ನಲ್ಲಿ ಶೇ. 1.6, ದೊಡ್ಡ ರಕ್ತಸ್ರಾವ ಮಾತ್ರ ಶೇ. 1.2 ಮತ್ತು 1.4, ಹೆಚ್ಚುಕಡಿಮೆ ಒಂದೇ. ಆಸ್ಪಿರಿನ್‌ನಲ್ಲಿ ರಕ್ತಸ್ರಾವದ ಅಪಾಯ ಉಳಿಯುತ್ತದೆ, ರಕ್ಷಣೆ ಸಿಗುವುದಿಲ್ಲ.

ಇನ್ನೂ ಕೆಲವು ವಾರ ಕಾಯುವುದು ಮತ್ತೊಂದು ದಾರಿ. ಎಂ.ಆರ್.ಐ.ಯಲ್ಲಿ ಮಿದುಳಿನ ತುಂಬ ಹಳೆಯ ಸೂಕ್ಷ್ಮ ರಕ್ತಕಲೆಗಳು ಕಂಡರೆ ಅಥವಾ ಬಿ.ಪಿ. ಇನ್ನೂ ಹತೋಟಿಗೆ ಬಾರದಿದ್ದರೆ ನಾನೂ ತಡೆದೇನು. ಇಲ್ಲವಾದರೆ ಕಾಯುವ ಪ್ರತಿ ವಾರವೂ ರಕ್ಷಣೆಯಿಲ್ಲದ ವಾರ. ರಕ್ತ ತೆಳುವಾಗಿಸುವ ಔಷಧಿ ದೀರ್ಘಕಾಲ ನಿಜಕ್ಕೂ ಕೊಡಲಾಗದವರಿಗೆ, ಹೃದಯದ ಎಡ ಮೇಲ್ಕೋಣೆಯಲ್ಲಿ ಹೆಪ್ಪು ಕಟ್ಟುವ ಸಣ್ಣ ಚೀಲವನ್ನು ಸಾಧನವಿಟ್ಟು ಮುಚ್ಚುವ ಚಿಕಿತ್ಸೆಯಿದೆ. ಅದರ ಬಳಿಕವೂ ಕೆಲಕಾಲ ಬೇರೆ ಔಷಧಿಗಳು ಬೇಕು, ಅದಕ್ಕೂ ತನ್ನದೇ ತೊಡಕುಗಳಿವೆ. ನಿಮ್ಮ ತಂದೆಗೆ ಈಗಲೇ ಅದರ ಅಗತ್ಯ ಕಾಣುವುದಿಲ್ಲ.

ಮಾತ್ರೆ ಆರಂಭಿಸಿದ ಮೇಲೆ ರಕ್ತಸ್ರಾವವನ್ನು ದೂರವಿಡುವ ಅತಿ ದೊಡ್ಡ ಉಪಾಯ ಬಿ.ಪಿ.ಯನ್ನು 130/80ರೊಳಗೆ ಇಡುವುದು. ಆಸ್ಪತ್ರೆಯ ಮೊದಲ ದಿನಕ್ಕೆ ಹೇಳಿದ ಲೆಕ್ಕವೇ ಬೇರೆ, ಮನೆಯ ಲೆಕ್ಕವೇ ಬೇರೆ. ಇದನ್ನು ಗೊಂದಲ ಮಾಡಿಕೊಳ್ಳಬೇಡಿ. ಮೊಣಕಾಲು ನೋವಿಗೆಂದು ಮೆಡಿಕಲ್‌ನಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ನಿಲ್ಲಬೇಕು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಯಾರೋ ಕೊಟ್ಟ ಲಕ್ವದ ಕಷಾಯವನ್ನು ವೈದ್ಯರಿಗೆ ಹೇಳದೆ ಸೇರಿಸಬೇಡಿ. ಕೋಲು ಹಿಡಿದು ನಡೆಯುವವರು ಬಿದ್ದರೆ ಏನು ಗತಿ ಎಂಬ ಭಯಕ್ಕೆ 1999ರಲ್ಲಿ ಕೆನಡಾದ ವೈದ್ಯರು ಒಂದು ಲೆಕ್ಕ ಹಾಕಿದ್ದರು: ಬೀಳುವುದರಿಂದಾಗುವ ಮಿದುಳಿನ ರಕ್ತಸ್ರಾವದ ಅಪಾಯ ವಾರ್ಫರಿನ್‌ನ ಲಾಭವನ್ನು ಮೀರಬೇಕಾದರೆ ಒಬ್ಬರು ವರ್ಷಕ್ಕೆ ಸುಮಾರು 295 ಬಾರಿ ಬೀಳಬೇಕು. ಅದು ಕಾಗದದ ಮೇಲಿನ ಲೆಕ್ಕವೇ, ನಿಜ. ಬಚ್ಚಲಿನ ಪಾಚಿ ತಿಕ್ಕಿಸಿ, ಗೋಡೆಗೆ ಹಿಡಿಕೆ ಹಾಕಿಸುವುದನ್ನು ಅದರ ನೆಪದಲ್ಲಿ ಬಿಡಬೇಡಿ. ಇದ್ದಕ್ಕಿದ್ದಂತೆ ಜೋರು ತಲೆನೋವು, ವಾಂತಿ, ಮಂಕು, ಅಥವಾ ಹೊಸದಾಗಿ ಕೈಕಾಲು ಸೋಲುವುದು ಕಂಡರೆ, ತಲೆಗೆ ಪೆಟ್ಟುಬಿದ್ದರೆ, ಕೊನೆಯ ಮಾತ್ರೆ ಎಷ್ಟು ಗಂಟೆಗೆ ತೆಗೆದುಕೊಂಡರೆಂದು ಚೀಟಿಯಲ್ಲಿ ಬರೆದುಕೊಂಡು ಕೂಡಲೇ ಆಸ್ಪತ್ರೆಗೆ ಹೊರಡಿ.

ಅಮ್ಮನ ಪ್ರಶ್ನೆಗೆ: ಅಪಿಕ್ಸಾಬಾನ್ ಅಥವಾ ಡಬಿಗಾಟ್ರಾನ್ ಆದರೆ ಬಸಳೆ, ಹರಿವೆ ಯಾವುದಕ್ಕೂ ಅಡ್ಡಿಯಿಲ್ಲ. ಎಕೋ ನೋಡಿ ವಾರ್ಫರಿನ್ ಅಥವಾ ಅಸಿಟ್ರಾಂ ಬೇಕಾಯಿತೆಂದರೂ ಸೊಪ್ಪು ಬಿಡಬೇಕಿಲ್ಲ. ಅದರಲ್ಲಿರುವ ವಿಟಮಿನ್ ಕೆ ಮಾತ್ರೆಯ ಪ್ರಭಾವವನ್ನು ಕುಗ್ಗಿಸುವುದರಿಂದ ಒಂದು ವಾರ ದಿನವೂ ಬಸಳೆ, ಮರುವಾರ ಏನೂ ಇಲ್ಲ ಎಂದಾಗಬಾರದು, ಅಷ್ಟೆ. ವಾರಕ್ಕೆ ಎರಡು ದಿನ ಗಸಿ ಮಾಡುವ ಮನೆಯಾದರೆ ವಾರಕ್ಕೆ ಎರಡು ದಿನವೇ ಇರಲಿ, ಆ ಅಭ್ಯಾಸ ವೈದ್ಯರಿಗೂ ಗೊತ್ತಿರಲಿ.